ಒಂದೇ ಉಕ್ಕು, ಹಲವು ಹದ

ವರ್ಕ್‌ಶಾಪ್‌ಗಳಲ್ಲಿ ಇಎನ್ 24 ಎಂದು ಹೆಸರಾದ ಉಕ್ಕಿನ ಒಂದೇ ಸರಳಿನಿಂದ ಮೂರು ತುಂಡು ಕತ್ತರಿಸಿಕೊಳ್ಳೋಣ. ಒಂದನ್ನು ಫರ್ನೇಸಿನಲ್ಲಿ ಕಾಯಿಸಿ ಅದರೊಳಗೇ ನಿಧಾನವಾಗಿ ಆರಲು ಬಿಡೋಣ. ಉಳಿದೆರಡನ್ನು 840 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಅವುಗಳಲ್ಲಿ ಒಂದನ್ನು 600 ಡಿಗ್ರಿಗೆ, ಇನ್ನೊಂದನ್ನು 200 ಡಿಗ್ರಿಗೆ ಮತ್ತೆ ಕಾಯಿಸಿ ತೆಗೆಯೋಣ. ಮೊದಲನೆಯ ತುಂಡು ಲೇತ್‌ನಲ್ಲಿ ಸಲೀಸಾಗಿ ಕೊರೆಸಿಕೊಳ್ಳುತ್ತದೆ. ಎರಡನೆಯದು ಚದರ ಮಿಲಿಮೀಟರಿಗೆ ಸಾವಿರ ನ್ಯೂಟನ್ ಆಸುಪಾಸಿನ, ಅಂದರೆ ಸುಮಾರು 1000 ಮೆಗಾಪಾಸ್ಕಲ್ ಎಳೆತವನ್ನು ತಡೆದು, ಆಮೇಲೂ ಹಿಗ್ಗಿಯೇ ಹರಿಯುತ್ತದೆ. ಮೂರನೆಯದು 1550 ಮೆಗಾಪಾಸ್ಕಲ್ ಮೀರಿದರೂ ಬಗ್ಗುವುದಿಲ್ಲ. ಅರ ಹಾಕಿದರೆ ಅರವೇ ಜಾರುತ್ತದೆ. ಮೂರರಲ್ಲೂ ಇರುವುದು ಅದೇ ಕಬ್ಬಿಣ, ಅದೇ ಸುಮಾರು 0.4 ಶೇಕಡಾ ಇಂಗಾಲ, ಅದೇ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ. ಹೊರಗಿನಿಂದ ಏನೂ ಸೇರಲಿಲ್ಲ, ಏನೂ ಹೋಗಲಿಲ್ಲ. ಬದಲಾದದ್ದು ಒಳಗಿನ ಜೋಡಣೆ.

ಈ ಜೋಡಣೆಯ ವಿಜ್ಞಾನ ನೂರೈವತ್ತು ವರ್ಷಗಳಿಗೂ ಹಳೆಯದು. ಉಕ್ಕಿಗೆ ಬಲ ತುಂಬುವುದನ್ನು ನಾವು ಚೆನ್ನಾಗಿಯೇ ಕಲಿತಿದ್ದೇವೆ. ನನ್ನ ಮಟ್ಟಿಗೆ ನಿಜವಾದ ಪ್ರಶ್ನೆ ಅದರ ನಂತರದ್ದು: ಬಲ ಬಂದ ಮೇಲೆ ತಾಳಿಕೆ ಎಷ್ಟು ಉಳಿಯಿತು, ಸಣ್ಣದೊಂದು ಬಿರುಕು ಹುಟ್ಟಿದಾಗ ಅದನ್ನು ಅಲ್ಲಲ್ಲೇ ತಡೆದು ನಿಲ್ಲಿಸುವ ಗುಣ ಉಳಿದಿದೆಯೇ? ಗಡಸುತನ ಅಳೆಯುವ ಯಂತ್ರ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಉತ್ತರ ಇರುವುದು ಫರ್ನೇಸಿನ ಚರಿತ್ರೆಯಲ್ಲಿ.

ಮೊದಲು ಶುದ್ಧ ಕಬ್ಬಿಣದ ಸ್ವಭಾವ. 912 ಡಿಗ್ರಿಯ ಕೆಳಗೆ ಅದರ ಪರಮಾಣುಗಳು ಘನದ ಎಂಟು ಮೂಲೆಗಳಲ್ಲೂ ನಡುಮಧ್ಯದಲ್ಲೂ ಕೂರುತ್ತವೆ. ಈ ರೂಪಕ್ಕೆ ಫೆರೈಟ್ ಎಂದು ಹೆಸರು. ಅದನ್ನು ದಾಟಿ ಕಾಯಿಸಿದರೆ ನಡುವಿನ ಜಾಗ ಬಿಟ್ಟು ಘನದ ಆರು ಮುಖಗಳ ಮಧ್ಯಕ್ಕೆ ಸರಿಯುತ್ತವೆ; ಇದು ಆಸ್ಟೆನೈಟ್. ಎರಡನೆಯ ಜೋಡಣೆ ಹೆಚ್ಚು ಒತ್ತೊತ್ತಾಗಿದ್ದರೂ ಅದರ ಸಂದುಗಳು ಒಂದೊಂದೂ ದೊಡ್ಡವು. ಹಾಗಾಗಿ ಇಂಗಾಲಕ್ಕೆ ಅಲ್ಲಿ ಜಾಗವಿದೆ. ಫೆರೈಟ್ ಹೆಚ್ಚೆಂದರೆ 0.02 ಶೇಕಡಾದಷ್ಟು ಇಂಗಾಲ ಹಿಡಿದರೆ, ಆಸ್ಟೆನೈಟ್ ಎರಡು ಶೇಕಡಾವರೆಗೂ ಕರಗಿಸಿಕೊಳ್ಳಬಲ್ಲದು. ಉಷ್ಣ ಸಂಸ್ಕಾರದ ಸಕಲ ಆಟವೂ ಈ ವ್ಯತ್ಯಾಸದ ಮೇಲೆ ನಿಂತಿದೆ.

ಬಿಸಿ ಉಕ್ಕನ್ನು ನಿಧಾನವಾಗಿ ಆರಿಸಿದರೆ ಇಂಗಾಲಕ್ಕೆ ಹೊರಬರಲು ಸಮಯ ಸಿಗುತ್ತದೆ. ಅದು ಕಬ್ಬಿಣದೊಂದಿಗೆ ಕೂಡಿ ಸಿಮೆಂಟೈಟ್ ಎಂಬ ಗಡಸು ಸಂಯುಕ್ತವಾಗಿ, ಮೆತ್ತನೆಯ ಫೆರೈಟಿನ ಜೊತೆ ಪದರ ಪದರವಾಗಿ ಕೂರುತ್ತದೆ. ಶೆಫೀಲ್ಡ್‌ನ ಹೆನ್ರಿ ಕ್ಲಿಫ್ಟನ್ ಸಾರ್ಬಿ ಹತ್ತೊಂಬತ್ತನೆಯ ಶತಮಾನದಲ್ಲಿ ಉಕ್ಕನ್ನು ನುಣ್ಣಗೆ ಉಜ್ಜಿ, ಆಮ್ಲ ತಾಗಿಸಿ, ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಕಂಡದ್ದು ಈ ಪದರಗಳನ್ನೇ. ಮುತ್ತಿನ ಚಿಪ್ಪಿನ ಹೊಳಪು ಇದ್ದದ್ದರಿಂದ ಅದು ಪರ್ಲೈಟ್ ಆಯಿತು. ಅದೇ ಉಕ್ಕನ್ನು ಥಟ್ಟನೆ ತಣಿಸಿದರೆ ಇಂಗಾಲ ಸಿಕ್ಕಿಬೀಳುತ್ತದೆ. ಸಾಲುಸಾಲು ಪರಮಾಣುಗಳು ಒಟ್ಟಿಗೇ ವಾಲಿ ಹೊಸ ಜೋಡಣೆಗೆ ಜಾರುತ್ತವೆ, ಹೊರಹೋಗಲಾರದ ಇಂಗಾಲ ಆ ಘನವನ್ನು ಒಂದು ದಿಕ್ಕಿಗೆ ಎಳೆದು ಉದ್ದವಾಗಿಸುತ್ತದೆ. ಇದು ಮಾರ್ಟೆನ್ಸೈಟ್. ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಗೌರವಾರ್ಥ ಫ್ರಾನ್ಸಿನ ಫ್ಲೋರಿಸ್ ಓಸ್ಮಂಡ್ 1895ರಲ್ಲಿ ಇಟ್ಟ ಹೆಸರು ಅದು.

ನಮ್ಮ 0.4 ಶೇಕಡಾ ಇಂಗಾಲದ ಉಕ್ಕಿನಲ್ಲಿ ಮಾರ್ಟೆನ್ಸೈಟ್ ಸಣ್ಣ ಸಣ್ಣ ಪಟ್ಟಿಗಳಾಗಿ ಹುಟ್ಟುತ್ತದೆ. ಒಂದೊಂದು ಪಟ್ಟಿಯ ದಪ್ಪ ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲಿನಷ್ಟು. ಒಂದೇ ದಿಕ್ಕಿನ ಪಟ್ಟಿಗಳು ಸೇರಿ ಕಟ್ಟು, ಕಟ್ಟುಗಳು ಸೇರಿ ಗುಂಪು, ಗುಂಪುಗಳೆಲ್ಲ ಹಿಂದಿದ್ದ ಆಸ್ಟೆನೈಟ್ ಹರಳಿನ ಎಲ್ಲೆಯೊಳಗೆ. ಉಕ್ಕು ಬಗ್ಗುವುದೆಂದರೆ ಅದರೊಳಗೆ ಡಿಸ್‌ಲೊಕೇಶನ್ ಎಂಬ ಗೆರೆಯಂಥ ಲೋಪಗಳು ಸರಿದಾಡುವುದು. ಮಾರ್ಟೆನ್ಸೈಟಿನಲ್ಲಿ ಅಂಥ ಲೋಪಗಳೇ ಒಂದಕ್ಕೊಂದು ಸಿಕ್ಕುಬೀಳುವಷ್ಟು ಕಿಕ್ಕಿರಿದಿರುತ್ತವೆ. ಸಾಲದ್ದಕ್ಕೆ ಸಿಕ್ಕಿಬಿದ್ದ ಇಂಗಾಲ ಅಡ್ಡ, ಹೆಜ್ಜೆಹೆಜ್ಜೆಗೂ ಪಟ್ಟಿಗಳ ಎಲ್ಲೆ ಅಡ್ಡ. ಅದರ ಬಲ ಒಂದೇ ಕಾರಣದಿಂದ ಬಂದದ್ದಲ್ಲ, ಈ ಅಡ್ಡಿಗಳೆಲ್ಲ ಕೂಡಿ ತಂದದ್ದು. ಹೊಸದಾಗಿ ತಣಿಸಿದ ಮಾರ್ಟೆನ್ಸೈಟ್ ಪೆಡಸಾಗಿರುವುದಕ್ಕೂ ಇವೇ ಕಾರಣ.

ಇಲ್ಲಿ ವರ್ಕ್‌ಶಾಪ್‌ಗಳಲ್ಲಿ ದಿನವೂ ಎದುರಾಗುವ ಗೊಂದಲವೊಂದನ್ನು ಬಿಡಿಸಬೇಕು. ಪೀಣ್ಯದಲ್ಲಾಗಲಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ ಹೀಟ್ ಟ್ರೀಟ್‌ಮೆಂಟ್ ಅಂಗಡಿಗೆ ಬಂದ ಗಿರಾಕಿ ದಪ್ಪನೆಯ ಶಾಫ್ಟ್ ಮುಂದಿಟ್ಟು, ‘ಅಣ್ಣಾ, ಐವತ್ತು ಬರ್ಬೇಕು, ಒಳಗಿನ್ ತನಕ’ ಅನ್ನುತ್ತಾರೆ. ಐವತ್ತು ಅಂದರೆ ರಾಕ್‌ವೆಲ್ ಸಿ ಅಳತೆಯಲ್ಲಿ. ಉಕ್ಕು ಸಾದಾ ಇಎನ್ 8 ಆಗಿದ್ದರೆ ಮೇಲ್ಮೈಗೆ ಆ ಅಂಕಿ ಬರಬಹುದು, ಒಳಗಿನ ತನಕ ಬರುವುದಿಲ್ಲ. ಮಾರ್ಟೆನ್ಸೈಟ್ ಎಷ್ಟು ಗಡಸಾಗಬಲ್ಲದು ಎಂಬುದನ್ನು ಬಹುಪಾಲು ಇಂಗಾಲ ತೀರ್ಮಾನಿಸುತ್ತದೆ. ಆ ಗಡಸುತನ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ, ಮ್ಯಾಂಗನೀಸ್. ಇವು ಪರ್ಲೈಟ್ ಹುಟ್ಟುವುದನ್ನು ತಡಮಾಡುತ್ತವೆ, ಹಾಗಾಗಿ ನಿಧಾನವಾಗಿ ತಣಿಯುವ ಒಳಭಾಗವೂ ಮಾರ್ಟೆನ್ಸೈಟ್ ಆಗಲು ಅವಕಾಶ ಸಿಗುತ್ತದೆ. 1930ರ ದಶಕದಲ್ಲಿ ಅಮೆರಿಕದ ವಾಲ್ಟರ್ ಜೋಮಿನಿ ಮತ್ತು ಸಂಗಡಿಗರು ರೂಪಿಸಿದ ಪರೀಕ್ಷೆ ಇದನ್ನು ಬಹಳ ಸರಳವಾಗಿ ತೋರಿಸುತ್ತದೆ. 25 ಮಿಲಿಮೀಟರ್ ದಪ್ಪ, 100 ಮಿಲಿಮೀಟರ್ ಉದ್ದದ ಸರಳನ್ನು ಕಾಯಿಸಿ ನೇತುಹಾಕಿ, ಕೆಳತುದಿಗೆ ಮಾತ್ರ ನೀರು ಚಿಮ್ಮಿಸುವುದು. ಆಮೇಲೆ ತುದಿಯಿಂದ ಮೇಲಕ್ಕೆ ಗಡಸುತನ ಅಳೆಯುತ್ತಾ ಹೋಗುವುದು. ಸಾದಾ ಇಂಗಾಲದ ಉಕ್ಕಿನಲ್ಲಿ ಅಂಕಿ ಕೆಲವೇ ಮಿಲಿಮೀಟರಿನಲ್ಲಿ ಕುಸಿಯುತ್ತದೆ, ಇಎನ್ 24ರಲ್ಲಿ ಬಹುದೂರ ಸಮನಾಗಿ ಸಾಗುತ್ತದೆ.

ತಣಿಸುವ ಕೆಲಸದಲ್ಲಿ ಅವಸರಕ್ಕೂ ಬೆಲೆಯಿದೆ, ತಡಕ್ಕೂ ಬೆಲೆಯಿದೆ. ಆಸ್ಟೆನೈಟ್ ಮಾರ್ಟೆನ್ಸೈಟ್ ಆಗುವಾಗ ಗಾತ್ರ ಹಿಗ್ಗುತ್ತದೆ. ಹೊರಮೈ ಮೊದಲು ಹಿಗ್ಗಿ ಬಿಗಿಯಾದ ಮೇಲೆ ಒಳಭಾಗ ಹಿಗ್ಗಲು ಹೊರಟರೆ ಹೊರಮೈ ಸೀಳುತ್ತದೆ. ಕೀ ಕೊರೆದ ಮೂಲೆ, ದಪ್ಪ ಥಟ್ಟನೆ ಬದಲಾಗುವ ಭುಜ, ಎಲ್ಲ ಬಿರುಕೂ ಅಲ್ಲಿಂದಲೇ. ಅದಕ್ಕೇ ಮಿಶ್ರಲೋಹದ ಉಕ್ಕಿಗೆ ನೀರಿನ ಬದಲು ಎಣ್ಣೆ ಅಥವಾ ಪಾಲಿಮರ್ ದ್ರಾವಣ. ಎಣ್ಣೆಯಿಂದ ತೆಗೆದ ತುಂಡನ್ನು ಪೂರ್ತಿ ತಣ್ಣಗಾಗಿ ರಾತ್ರಿಯಿಡೀ ಬೆಂಚಿನ ಮೇಲೆ ಬಿಡದೆ, ಇನ್ನೂ ಬೆಚ್ಚಗಿರುವಾಗಲೇ ಟೆಂಪರಿಂಗ್ ಫರ್ನೇಸಿಗೆ ಹಾಕುವುದು ಅನುಭವಸ್ಥರ ರೂಢಿ. ಕಾಯಿಸುವಾಗ ಬೇಕಾದ್ದಕ್ಕಿಂತ ಹೆಚ್ಚು ಕಾಯಿಸಿದರೆ ಆಸ್ಟೆನೈಟ್ ಹರಳುಗಳು ದಪ್ಪಗಾಗುತ್ತವೆ, ಆಮೇಲೆ ಟೆಂಪರಿಂಗ್ ಒಂದರಿಂದಲೇ ಆ ತಾಳಿಕೆ ಮರಳಿ ಬರುವುದಿಲ್ಲ. ಹರಳು ಸಣ್ಣಗಿದ್ದರೆ ಬಲವೂ ತಾಳಿಕೆಯೂ ಒಟ್ಟಿಗೆ ಹೆಚ್ಚುತ್ತವೆ. ಎರಡನ್ನೂ ಜೊತೆಗೆ ಕೊಡುವ ಉಪಾಯಗಳು ಲೋಹಶಾಸ್ತ್ರದಲ್ಲಿ ತೀರಾ ವಿರಳ.

ಇನ್ನು ಟೆಂಪರಿಂಗ್. ಗಡಸು ಮಾಡಿದ ಉಕ್ಕನ್ನು ಮತ್ತೆ ಸ್ವಲ್ಪ ಕಾಯಿಸಿ ಹದಕ್ಕೆ ತರುವ ಕೆಲಸ ಇದು. ಇದನ್ನು ಒಂದೇ ಇಳಿಜಾರು ಎಂದು ಎಣಿಸುವುದುಂಟು: ಹೆಚ್ಚು ಕಾಯಿಸಿದಷ್ಟೂ ಬಲ ಇಳಿಯುತ್ತದೆ, ತಾಳಿಕೆ ಏರುತ್ತದೆ ಎಂದು. ಅರ್ಧ ಮಾತ್ರ ಸರಿ. 100ರಿಂದ 250 ಡಿಗ್ರಿಯ ನಡುವೆ ಸಿಕ್ಕಿಬಿದ್ದ ಇಂಗಾಲ ತೀರಾ ಸೂಕ್ಷ್ಮವಾದ ಕಾರ್ಬೈಡ್ ಕಣಗಳಾಗಿ ಹೊರಬರುತ್ತದೆ, ಒಳಗಿನ ಬಿಗಿತ ಸಡಿಲವಾಗುತ್ತದೆ, ಬಲ ಹೆಚ್ಚು ಕಡಿಮೆ ಹಾಗೇ ಉಳಿದು ತಾಳಿಕೆ ಕೊಂಚ ಚಿಗುರುತ್ತದೆ. 200 ದಾಟಿದ ಮೇಲೆ, ತಣಿಸುವಾಗ ಮಾರ್ಟೆನ್ಸೈಟ್ ಆಗದೆ ಪಟ್ಟಿಗಳ ಸಂದಿನಲ್ಲಿ ಉಳಿದಿದ್ದ ಆಸ್ಟೆನೈಟ್ ಒಡೆಯತೊಡಗುತ್ತದೆ. ಮುನ್ನೂರರ ಆಸುಪಾಸಿನಲ್ಲಿ ಸೂಕ್ಷ್ಮ ಕಣಗಳ ಬದಲು ಸಿಮೆಂಟೈಟ್ ಬರುತ್ತದೆ, ಅದೂ ಪಟ್ಟಿಗಳ ಎಲ್ಲೆಗುಂಟ, ಹರಳುಗಳ ಎಲ್ಲೆಗುಂಟ ಉದ್ದನೆಯ ಹಾಳೆಗಳಾಗಿ. ಪೆಡಸಾದ ಈ ಹಾಳೆಗಳು ಬಿರುಕಿಗೆ ದಾರಿ ಹಾಸಿಕೊಡುತ್ತವೆ. ಫಲವಾಗಿ ಸುಮಾರು 250ರಿಂದ 400 ಡಿಗ್ರಿಯ ನಡುವೆ ಟೆಂಪರ್ ಮಾಡಿದ ಉಕ್ಕಿನ ಗಡಸುತನ ಇಳಿದಿರುತ್ತದೆ, ತಾಳಿಕೆಯೂ ಇಳಿದಿರುತ್ತದೆ. ಎರಡೂ ಕಡೆ ನಷ್ಟ.

ಬ್ರಿಟಿಷ್ ಮಾನಕದಲ್ಲಿ ಇಎನ್ 24ಕ್ಕೆ ಕೊಟ್ಟಿರುವ ಬಲದ ದರ್ಜೆಗಳನ್ನು ಸಾಲಾಗಿ ಓದಿದರೆ ಈ ಗುಂಡಿ ಎದ್ದು ಕಾಣುತ್ತದೆ. ಟಿ ದರ್ಜೆ 850ರಿಂದ 1000 ಮೆಗಾಪಾಸ್ಕಲ್, ಯು 925ರಿಂದ, ವಿ 1000ದಿಂದ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ವೈ ದರ್ಜೆಯ 1375ರವರೆಗೆ ಏರುತ್ತದೆ. ಮುಂದಿನ ಝಡ್ ದರ್ಜೆ ಒಮ್ಮೆಲೇ 1550ಕ್ಕೆ ನೆಗೆಯುತ್ತದೆ. ನಡುವೆ ಮೆಟ್ಟಿಲೇ ಇಲ್ಲ. ಆ ನಡುವಿನ ಬಲ ಬೇಕೆಂದರೆ ಟೆಂಪರಿಂಗ್ ತಾಪ ಪೆಡಸು ವಲಯಕ್ಕೇ ಬಂದು ಬೀಳುತ್ತದೆ. ಡ್ರಾಯಿಂಗಿನಲ್ಲಿ ಸುಮ್ಮನೆ ಒಂದು ರಾಕ್‌ವೆಲ್ ಅಂಕಿ ಬರೆದುಬಿಡುವ ವಿನ್ಯಾಸಕಾರರು ಈ ನೆಗೆತವನ್ನು ಒಮ್ಮೆ ನೋಡಬೇಕು. ಅವರು ಕೇಳಿದ ಅಂಕಿಯನ್ನು ಹೀಟ್ ಟ್ರೀಟ್‌ಮೆಂಟ್ ಅಂಗಡಿ ಪ್ರಾಮಾಣಿಕವಾಗಿಯೇ ತಂದುಕೊಡುತ್ತದೆ. ಅದನ್ನು ತರಲು 350 ಡಿಗ್ರಿ ಇಟ್ಟಿತ್ತೆಂಬುದು ರಿಪೋರ್ಟಿನಲ್ಲಿ ಇರುವುದೇ ಇಲ್ಲ. ಟೆಂಪರಿಂಗ್ ತಾಪವನ್ನೂ ಅವಧಿಯನ್ನೂ ಡ್ರಾಯಿಂಗಿನಲ್ಲೇ ಬರೆಯಬೇಕು, ಮುಖ್ಯ ಭಾಗಗಳಿಗೆ ಇಂಪ್ಯಾಕ್ಟ್ ಪರೀಕ್ಷೆ ಕೇಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಈ ಗುಂಡಿಯನ್ನು ದಾಟಲು ಲೋಹಶಾಸ್ತ್ರಜ್ಞರು ಕಂಡುಕೊಂಡ ಉಪಾಯ ಸಿಲಿಕಾನ್. ಸಿಮೆಂಟೈಟಿನೊಳಗೆ ಸಿಲಿಕಾನ್ ಕರಗುವುದಿಲ್ಲ, ಆದ್ದರಿಂದ ಅದು ಇರುವೆಡೆ ಸಿಮೆಂಟೈಟ್ ಬೆಳೆಯುವುದು ತಡವಾಗುತ್ತದೆ, ಪೆಡಸು ವಲಯ ಇನ್ನಷ್ಟು ಮೇಲಿನ ತಾಪಕ್ಕೆ ಸರಿಯುತ್ತದೆ. ವಿಮಾನದ ಲ್ಯಾಂಡಿಂಗ್ ಗೇರ್‌ಗಳಲ್ಲಿ ದಶಕಗಳಿಂದ ದುಡಿಯುತ್ತಿರುವ 300ಎಂ ಎಂಬ ಉಕ್ಕಿನಲ್ಲಿ ಸುಮಾರು 1.6 ಶೇಕಡಾ ಸಿಲಿಕಾನ್ ಇರುವುದು ಇದಕ್ಕೇ. ಅದನ್ನು ಸುಮಾರು 300 ಡಿಗ್ರಿಯಲ್ಲಿ ಎರಡು ಸಲ ಟೆಂಪರ್ ಮಾಡಿ 1900 ಮೆಗಾಪಾಸ್ಕಲ್ ಮೀರಿದ ಬಲ ಪಡೆಯುತ್ತಾರೆ, ಅಷ್ಟು ಬಲದಲ್ಲೂ ಅದು ಬಳಸಲು ಯೋಗ್ಯವಾಗಿ ಉಳಿಯುತ್ತದೆ.

ಇನ್ನೊಂದು ಗುಂಡಿ ಮೇಲಿದೆ, ಸುಮಾರು 375ರಿಂದ 575 ಡಿಗ್ರಿಯ ನಡುವೆ. ಉಕ್ಕಿನಲ್ಲಿ ಅತ್ಯಲ್ಪವಾಗಿ ಇರುವ ರಂಜಕ, ತವರ, ಆಂಟಿಮನಿ, ಆರ್ಸೆನಿಕ್ ಈ ತಾಪದಲ್ಲಿ ನಿಧಾನವಾಗಿ ನಡೆದು ಹಳೆಯ ಆಸ್ಟೆನೈಟ್ ಹರಳುಗಳ ಎಲ್ಲೆಯಲ್ಲಿ ಶೇಖರವಾಗುತ್ತವೆ, ಅಲ್ಲಿನ ಹಿಡಿತ ಸಡಿಲಿಸುತ್ತವೆ. ಅರ್ಧ ಶೇಕಡಾ ಮಾಲಿಬ್ಡಿನಂ ಇದ್ದರೆ ಈ ಕಾಟ ಬಹಳ ತಗ್ಗುತ್ತದೆ. ಟೆಂಪರಿಂಗ್ ಆದ ಮೇಲೆ ಆ ವಲಯದಲ್ಲಿ ಕಾಲಹರಣವಾಗದಂತೆ ಬೇಗ ತಣಿಸುವುದೂ ಒಂದು ಮದ್ದು. ಮೊದಲ ಗುಂಡಿಗೂ ಇದಕ್ಕೂ ಮುಖ್ಯ ಭೇದವೊಂದುಂಟು: ಇಲ್ಲಿ ಆದ ಕೆಡುಕನ್ನು ಮತ್ತೆ 600 ಮೀರಿ ಕಾಯಿಸಿ ಬೇಗ ತಣಿಸಿದರೆ ಅಳಿಸಬಹುದು.

ಬಲ ಹೆಚ್ಚಾದಂತೆ ಮೈಮೇಲೆ ಬರುವ ಮೂರನೆಯ ಅಪಾಯ ಹೈಡ್ರೋಜನ್. ಜಲಜನಕದ ಪರಮಾಣು ಉಕ್ಕಿನೊಳಗೆ ಸಲೀಸಾಗಿ ಓಡಾಡುವಷ್ಟು ಚಿಕ್ಕದು. ಆಮ್ಲದಲ್ಲಿ ತೊಳೆಯುವಾಗ, ವಿದ್ಯುತ್ ಲೇಪನ ಮಾಡುವಾಗ, ಕೊನೆಗೆ ತುಕ್ಕು ಹಿಡಿಯುವಾಗಲೂ ಅದು ಒಳಸೇರುತ್ತದೆ, ಎಳೆತ ಹೆಚ್ಚಿರುವ ಜಾಗಕ್ಕೆ ಹೋಗಿ ಕೂರುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಓಕ್ಲೆಂಡ್ ನಡುವಿನ ಸೇತುವೆಯ ಹೊಸ ಪೂರ್ವ ಭಾಗದಲ್ಲಿ 2013ರ ಮಾರ್ಚ್‌ನಲ್ಲಿ ಆದದ್ದು ಇದೇ. ಭೂಕಂಪದ ಹೊಡೆತ ತಾಳಲೆಂದು ಇಟ್ಟ, ಸುಮಾರು 75 ಮಿಲಿಮೀಟರ್ ದಪ್ಪದ, ಗಡಸು ಮಾಡಿ ಟೆಂಪರ್ ಮಾಡಿ ಸತುವಿನ ಲೇಪ ಕೊಟ್ಟ ಉಕ್ಕಿನ ರಾಡ್‌ಗಳನ್ನು 2008ರಲ್ಲೇ ಕಂಬದೊಳಗೆ ಇಳಿಸಿದ್ದರು. ಬಿಗಿಯದೆ ವರ್ಷಗಟ್ಟಲೆ ಬಿಟ್ಟಿದ್ದ ಆ ರಂಧ್ರಗಳಲ್ಲಿ ನೀರು ನಿಂತಿತ್ತು. ಕೊನೆಗೆ ಬಿಗಿದ ಎರಡು ವಾರದೊಳಗೆ 96ರಲ್ಲಿ 32 ರಾಡ್‌ಗಳು ಮುರಿದವು. ಬಿಗಿದ ಗಳಿಗೆಯಲ್ಲಿ ಒಂದೂ ಮುರಿಯದೆ ಆಮೇಲೆ ಒಂದೊಂದಾಗಿ ಮುರಿದದ್ದೇ ಹೈಡ್ರೋಜನ್ನಿನ ಕುರುಹು. ಪರೀಕ್ಷಿಸಿದಾಗ ರಾಡ್‌ಗಳ ಒಳರಚನೆ ಏಕರೂಪವಾಗಿರಲಿಲ್ಲ, ನಡುಭಾಗಕ್ಕಿಂತ ಅಂಚಿನ ಬಳಿ ಗಡಸುತನ ಸಾಕಷ್ಟು ಹೆಚ್ಚಿತ್ತು. ಎಷ್ಟು ದಪ್ಪದ ತುಂಡಿಗೆ ಎಂಥ ಉಕ್ಕು ಎಂಬ ಹಳೆಯ ಪ್ರಶ್ನೆ ಅಲ್ಲಿ ಇಷ್ಟು ದುಬಾರಿಯಾಯಿತು. ನಮ್ಮಲ್ಲೂ 12.9 ದರ್ಜೆಯ ಬೋಲ್ಟಿಗೆ ಜಿಂಕ್ ಪ್ಲೇಟಿಂಗ್ ಮಾಡಿಸಿ, ಅದಾದ ಕೆಲವೇ ಗಂಟೆಯೊಳಗೆ 200 ಡಿಗ್ರಿ ಆಸುಪಾಸಿನಲ್ಲಿ ಬೇಕ್ ಮಾಡಿ ಜಲಜನಕ ಹೊರಹಾಕುವುದನ್ನು ಖರ್ಚು ಉಳಿಸಲು ಬಿಟ್ಟುಬಿಡುವವರಿದ್ದಾರೆ. ಅಷ್ಟು ಬಲದ ಬೋಲ್ಟಿಗೆ ವಿದ್ಯುತ್ ಲೇಪನವನ್ನೇ ಮಾಡಿಸದಿರುವುದು ಇನ್ನೂ ಕ್ಷೇಮ.

ಅತಿ ಹೆಚ್ಚು ಜನರ ಬದುಕಿಗೆ ತಾಗುವ ಉಷ್ಣ ಸಂಸ್ಕಾರ ಯಾವುದೆಂದರೆ, ಮನೆ ಕಟ್ಟಿಸಿದ ಎಲ್ಲರೂ ದುಡ್ಡು ಕೊಟ್ಟು ತಂದ ಟಿಎಂಟಿ ಕಂಬಿ. ಅದನ್ನು ಕತ್ತರಿಸಿ, ತುದಿಯನ್ನು ಎಮರಿ ಕಾಗದದಿಂದ ನುಣ್ಣಗೆ ಉಜ್ಜಿ, ಆಲ್ಕೋಹಾಲ್‌ನಲ್ಲಿ ಬೆರೆಸಿದ ಸ್ವಲ್ಪ ನೈಟ್ರಿಕ್ ಆಮ್ಲ ಸವರಿದರೆ, ಬರಿಗಣ್ಣಿಗೇ ಹೊರಸುತ್ತು ಕಪ್ಪಗೆ, ಒಳಗು ಬೂದು ಬಣ್ಣಕ್ಕೆ ಕಾಣುತ್ತದೆ. ತೋರಣಗಲ್ಲಿನಂಥ ಕಾರ್ಖಾನೆಗಳಲ್ಲಿ ರೋಲಿಂಗ್ ಮಿಲ್ಲಿನಿಂದ ಸಾವಿರ ಡಿಗ್ರಿ ಹತ್ತಿರದ ಬಿಸಿಯಲ್ಲಿ ಹೊರಬಂದ ಕಂಬಿ, ನೀರಿನ ಪೆಟ್ಟಿಗೆಯೊಳಗೆ ಕ್ಷಣಮಾತ್ರದಲ್ಲಿ ಹಾದುಹೋಗುತ್ತದೆ. ಹೊರಮೈ ಮಾರ್ಟೆನ್ಸೈಟ್ ಆಗುತ್ತದೆ, ಒಳಗು ಕೆಂಪಗೇ ಇರುತ್ತದೆ. ಹೊರಬಂದ ಮೇಲೆ ಒಳಗಿನ ಬಿಸಿ ಹೊರಕ್ಕೆ ಹರಿದು ಆ ಮಾರ್ಟೆನ್ಸೈಟನ್ನು ಟೆಂಪರ್ ಮಾಡುತ್ತದೆ. ಒಳಗು ತಾನು ಫೆರೈಟ್, ಪರ್ಲೈಟ್ ಆಗಿ ಆರುತ್ತದೆ. 1970ರ ದಶಕದಲ್ಲಿ ಬೆಲ್ಜಿಯಂನಲ್ಲಿ ರೂಪುಗೊಂಡ ವಿಧಾನ ಇದು. ಇದರ ಚೆಲುವು ಅಗ್ಗದಲ್ಲಿದೆ: ಬೇರೆ ಫರ್ನೇಸ್ ಬೇಡ, ದುಬಾರಿ ಮಿಶ್ರಧಾತು ಬೇಡ, ನೀರು ಮತ್ತು ಸಮಯದ ಲೆಕ್ಕ ಸಾಕು. ನಮ್ಮೂರ ಕಮ್ಮಾರರು ಉಳಿಯ ತುದಿಯನ್ನಷ್ಟೇ ನೀರಿಗೆ ಅದ್ದಿ ತೆಗೆದು, ಕಲ್ಲಿಗೆ ಉಜ್ಜಿ, ಹಿಂದಿನ ಬಿಸಿ ತುದಿಗೆ ಹರಿದು ಬಂದು ಹುಲ್ಲಿನ ಹಳದಿ ಬಣ್ಣ ಕಾಣಿಸಿದೊಡನೆ ಮತ್ತೆ ಅದ್ದುವುದೂ ಇದೇ ತತ್ವ. ಆ ಹಳದಿ ಸುಮಾರು 220ರಿಂದ 230 ಡಿಗ್ರಿ, ನೀಲಿ ಬಂದರೆ 300ರ ಹತ್ತಿರ. ಥರ್ಮಾಮೀಟರ್ ಇಲ್ಲದೆ, ಆಕ್ಸೈಡ್ ಪೊರೆಯ ಬಣ್ಣ ನೋಡಿ ಇಷ್ಟು ಕರಾರುವಾಕ್ಕಾಗಿ ಹದ ಹಿಡಿಯುವುದು ದೊಡ್ಡ ವಿದ್ಯೆ ಎಂದೇ ನಾನು ಎಣಿಸುತ್ತೇನೆ.

ಕಂಬಿಯ ಬಲ ಹೊರಸುತ್ತಿನಲ್ಲಿದೆ ಎಂಬುದು ಗೊತ್ತಿದ್ದರೆ ಕೆಲವು ತಪ್ಪುಗಳು ತಾವೇ ನಿಲ್ಲುತ್ತವೆ. ದಪ್ಪ ಕಂಬಿ ಬಗ್ಗುವುದಿಲ್ಲವೆಂದು ಗ್ಯಾಸ್ ಕಟ್ಟರಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಆ ಜಾಗದ ಮಾರ್ಟೆನ್ಸೈಟ್ ಸುತ್ತು ಅಳಿಸಿಹೋಗುತ್ತದೆ. ಲೇತ್‌ನಲ್ಲಿ ಮೈ ಕೊರೆದು ಸಣ್ಣಗೆ ಮಾಡಿದರೆ ಬಲವಾದ ಭಾಗವನ್ನೇ ತೆಗೆದು ಬಿಸುಟಂತೆ. ಆಮ್ಲ ಸವರಿದಾಗ ಸುತ್ತು ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದಂತೆ ಕಂಡರೆ ಅದು ನೀರಿನ ಪೆಟ್ಟಿಗೆಯ ದೋಷ.

ಮೇಲೆ ಹೇಳಿದ್ದೆಲ್ಲ ಇಂಗಾಲವನ್ನು ನಂಬಿದ ದಾರಿ. ಅದನ್ನು ಬಿಟ್ಟುಕೊಟ್ಟ ದಾರಿಯೂ ಇದೆ, ನನಗೆ ಅತ್ಯಂತ ಬೆರಗು ಹುಟ್ಟಿಸುವುದು ಅದೇ. 1960ರ ಸುಮಾರಿಗೆ ಇಂಟರ್‌ನ್ಯಾಷನಲ್ ನಿಕಲ್ ಕಂಪನಿಯ ಸಂಶೋಧಕರು ರೂಪಿಸಿದ ಮರೇಜಿಂಗ್ ಉಕ್ಕಿನಲ್ಲಿ 18 ಶೇಕಡಾ ನಿಕಲ್, ಜೊತೆಗೆ ಕೋಬಾಲ್ಟ್, ಮಾಲಿಬ್ಡಿನಂ, ಟೈಟೇನಿಯಂ, ಇಂಗಾಲ 0.03 ಶೇಕಡಾಕ್ಕಿಂತ ಕಡಿಮೆ. 820 ಡಿಗ್ರಿಗೆ ಕಾಯಿಸಿ ಗಾಳಿಯಲ್ಲಿ ಬಿಟ್ಟರೂ ಅದು ಮಾರ್ಟೆನ್ಸೈಟ್ ಆಗುತ್ತದೆ. ಇಂಗಾಲವಿಲ್ಲದ ಕಾರಣ ಈ ಮಾರ್ಟೆನ್ಸೈಟ್ ಮೆತ್ತಗಿರುತ್ತದೆ, ಕೊರೆಯಬಹುದು, ಬಗ್ಗಿಸಬಹುದು, ವೆಲ್ಡ್ ಮಾಡಬಹುದು. ಆಮೇಲೆ 480 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ನಿಕಲ್ ಜೊತೆ ಟೈಟೇನಿಯಂ, ಮಾಲಿಬ್ಡಿನಂ ಕೂಡಿದ ಅತಿಸೂಕ್ಷ್ಮ ಕಣಗಳು ಎಲ್ಲೆಲ್ಲೂ ಹುಟ್ಟಿಕೊಂಡು ಬಲವನ್ನು 1700 ಮೆಗಾಪಾಸ್ಕಲ್ ದಾಟಿಸುತ್ತವೆ. ತಣಿಸುವ ಆಘಾತವಿಲ್ಲ, ಸೊಟ್ಟಗಾಗುವ ಭಯವಿಲ್ಲ, ಅಳತೆ ಬಹುತೇಕ ಹಾಗೇ ಉಳಿಯುತ್ತದೆ. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದ, 2.8 ಮೀಟರ್ ವ್ಯಾಸದ ಕವಚ ಇದೇ ಉಕ್ಕಿನದು. 2023ರ ಜುಲೈಯಲ್ಲಿ ಚಂದ್ರಯಾನ-3 ಹೊತ್ತು ಎದ್ದ ಎಲ್‌ವಿಎಂ3ರ ಅಕ್ಕಪಕ್ಕದ ಎರಡು ದೈತ್ಯ ಘನ ಇಂಧನ ಮೋಟರುಗಳದ್ದೂ ಇದೇ, ಅವುಗಳ ವ್ಯಾಸ 3.2 ಮೀಟರ್. ಹೈದರಾಬಾದಿನ ಮಿಶ್ರ ಧಾತು ನಿಗಮ ಈ ಉಕ್ಕನ್ನು ದೇಶದಲ್ಲೇ ತಯಾರಿಸುತ್ತದೆ. ಅಷ್ಟು ದೊಡ್ಡ, ತೆಳುಗೋಡೆಯ ಉರುಳೆಯನ್ನು ಇಎನ್ 24ರಲ್ಲಿ ಮಾಡಿ ಎಣ್ಣೆಯಲ್ಲಿ ಅದ್ದಬೇಕಾಗಿ ಬಂದಿದ್ದರೆ ಅದು ದುಂಡಗೆ ಉಳಿಯುತ್ತಿತ್ತೇ ಎಂದು ಯೋಚಿಸಿದರೆ ಆಯ್ಕೆಯ ಕಾರಣ ತಿಳಿಯುತ್ತದೆ. ಬೆಲೆ ಮಾತ್ರ ಭಾರಿ.

ಹೊಸ ದಾರಿಗಳಲ್ಲಿ ರಸ್ತೆಗೆ ಆಗಲೇ ಇಳಿದಿರುವುದು ಪ್ರೆಸ್ ಹಾರ್ಡನಿಂಗ್. 0.22 ಶೇಕಡಾ ಇಂಗಾಲ, ಚಿಟಿಕೆ ಬೋರಾನ್ ಇರುವ ತಗಡನ್ನು 900 ಡಿಗ್ರಿ ಮೀರಿ ಕಾಯಿಸಿ, ನೀರು ಹರಿಯುವ ಅಚ್ಚಿನಲ್ಲಿ ಒತ್ತಿ, ಅಚ್ಚಿನೊಳಗೇ ತಣಿಸುತ್ತಾರೆ. ಮೆತ್ತಗಿದ್ದಾಗ ಆಕಾರ, ಆಕಾರ ಬಂದೊಡನೆ 1500 ಮೆಗಾಪಾಸ್ಕಲ್ ಬಲ. 1984ರಲ್ಲಿ ಸ್ವೀಡನ್ನಿನ ಸಾಬ್ 9000 ಕಾರಿನ ಬಾಗಿಲಿನ ತೊಲೆಯಲ್ಲಿ ಬಳಕೆಗೆ ಬಂದ ಈ ವಿಧಾನ ಇಂದು ಕಾರಿನ ಎರಡು ಬಾಗಿಲ ನಡುವಿನ ಕಂಬದಲ್ಲಿ ಸಾಮಾನ್ಯ. ಅಮೆರಿಕದ ಜಾನ್ ಸ್ಪೀರ್ ಮತ್ತು ಜೊತೆಗಾರರು 2003ರಲ್ಲಿ ಮುಂದಿಟ್ಟ ಇನ್ನೊಂದು ವಿಧಾನದಲ್ಲಿ, ಪೂರ್ತಿ ತಣಿಸದೆ ನಡುವೆ ನಿಲ್ಲಿಸಿ, ಮಾರ್ಟೆನ್ಸೈಟಿನ ಇಂಗಾಲವನ್ನು ಪಕ್ಕದ ಆಸ್ಟೆನೈಟಿಗೆ ಸಾಗಿಸಿ ಆ ಆಸ್ಟೆನೈಟ್ ತಣ್ಣಗಾದ ಮೇಲೂ ಉಳಿಯುವಂತೆ ಮಾಡುತ್ತಾರೆ. ಉಳಿದ ಆಸ್ಟೆನೈಟ್ ದೋಷವೆಂದು ಕಲಿತ ತಲೆಮಾರಿಗೆ ಇದು ತಿರುವು. ಕೇಂಬ್ರಿಡ್ಜ್‌ನಲ್ಲಿ ಹರ್ಷದ್ ಭದೇಶಿಯಾ ಮತ್ತು ಫ್ರಾನ್ಸಿಸ್ಕಾ ಕಬಲೇರೊ ತೋರಿಸಿದ, ಬೈನೈಟ್ ಎಂಬ ಇನ್ನೊಂದು ಒಳರಚನೆ ಇನ್ನೂ ಮುಂದೆ ಹೋಯಿತು. 200 ಡಿಗ್ರಿಯಷ್ಟು ಕಡಿಮೆ ತಾಪದಲ್ಲಿ ಸುಮಾರು ಹತ್ತು ದಿನ ಇಟ್ಟರೆ 20ರಿಂದ 40 ನ್ಯಾನೊಮೀಟರ್ ದಪ್ಪದ ಫಲಕಗಳು ಬೆಳೆಯುತ್ತವೆ, ಬಲ 2000 ಮೆಗಾಪಾಸ್ಕಲ್ ಮೀರುತ್ತದೆ. ಹತ್ತು ದಿನ ಫರ್ನೇಸ್ ಹಿಡಿದಿಡುವ ಕಾರ್ಖಾನೆಗಳು ಕಡಿಮೆ, ಹಾಗಾಗಿ ಇದರ ಬಳಕೆ ನಿಧಾನ. ಲ್ಯಾಂಡಿಂಗ್ ಗೇರಿಗೆಂದೇ ಬಂದ ಏರ್‌ಮೆಟ್ 100, ಕೋಬಾಲ್ಟ್ ಮತ್ತು ನಿಕಲ್ ತುಂಬಿಸಿ, 482 ಡಿಗ್ರಿಯಲ್ಲಿ ಹದ ಮಾಡಿ, 300ಎಂನಷ್ಟೇ ಬಲದಲ್ಲಿ ಬಿರುಕನ್ನು ಅದಕ್ಕಿಂತ ಸರಿಸುಮಾರು ಎರಡು ಪಟ್ಟು ತಡೆಯುತ್ತದೆ. ಸಮಾನ ಗಡಸುತನ, ಅಸಮಾನ ತಾಳಿಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಕಂಡಿಲ್ಲ.

ಇಷ್ಟೆಲ್ಲ ಮಾಡಿದ ಹದವನ್ನು ಒಂದು ವೆಲ್ಡಿಂಗ್ ರಾಡ್ ನಿಮಿಷದಲ್ಲಿ ಕಳೆಯಬಲ್ಲದು. ಇಎನ್ 24ರ ಶಾಫ್ಟ್ ಸವೆದಿದೆಯೆಂದು ತಣ್ಣಗಿರುವಾಗಲೇ ಮೇಲೆ ವೆಲ್ಡ್ ತುಂಬಿದರೆ, ಬೆಸುಗೆಯ ಪಕ್ಕದ ಕಿರುಪಟ್ಟಿ ಸಾವಿರ ಡಿಗ್ರಿ ದಾಟಿ, ಸುತ್ತಲಿನ ತಣ್ಣನೆಯ ಉಕ್ಕು ಬಿಸಿ ಹೀರಿದೊಡನೆ ಟೆಂಪರ್ ಇಲ್ಲದ ಮಾರ್ಟೆನ್ಸೈಟ್ ಆಗುತ್ತದೆ. ಅದರ ಆಚೆಗಿನ ಪಟ್ಟಿ ಹೆಚ್ಚು ಟೆಂಪರ್ ಆಗಿ ಮೆತ್ತಗಾಗುತ್ತದೆ. ಎಲೆಕ್ಟ್ರೋಡ್ ಒದ್ದೆಯಿದ್ದರೆ ಜಲಜನಕವೂ ಸೇರಿ, ಕೆಲಸ ಮುಗಿಸಿ ಮನೆಗೆ ಹೋದ ಮೇಲೆ, ಮಾರನೆಯ ದಿನ ಬಿರುಕು. ಮಾಡಲೇಬೇಕಾದರೆ ಎಲೆಕ್ಟ್ರೋಡನ್ನು ಓವನ್ನಿನಲ್ಲಿ ಒಣಗಿಸಿ, ಶಾಫ್ಟನ್ನು ಮುನ್ನೂರು ಡಿಗ್ರಿ ಆಸುಪಾಸಿಗೆ ಮೊದಲೇ ಕಾಯಿಸಿ, ಬೆಸುಗೆ ಮುಗಿಯುವ ತನಕ ಆ ಬಿಸಿ ಇಳಿಯದಂತೆ ನೋಡಿಕೊಂಡು, ಆಮೇಲೆ ನಿಧಾನವಾಗಿ ಆರಿಸಿ ಮತ್ತೆ ಟೆಂಪರ್ ಮಾಡಬೇಕು. ಆ ಟೆಂಪರಿಂಗ್ ತಾಪ ಶಾಫ್ಟಿನ ಮೂಲ ಟೆಂಪರಿಂಗ್ ತಾಪಕ್ಕಿಂತ ಸ್ವಲ್ಪ ಕೆಳಗಿರಬೇಕು. ಮೂಲ ತಾಪ ಎಷ್ಟಿತ್ತೆಂದು ಕಾಗದದಲ್ಲಿ ಬರೆದಿಟ್ಟಿದ್ದರೆ ಮಾತ್ರ ಅದು ಸಾಧ್ಯ.